ಒಂದು ನಂಬರ್ ಚಿಕ್ಕ ಉಂಗುರ

ಸೀನು ಬಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಕೆಮ್ಮಿದರೆ, ನಕ್ಕರೆ, ಗಿರಾಕಿಯ ಕಾಲಬಳಿ ಕುಕ್ಕರಗಾಲಲ್ಲಿ ಕೂತು ಲಂಗದ ಅಂಚಿಗೆ ಪಿನ್ನು ಹಾಕಿದರೆ ಮೂತ್ರ ಸೋರಿಯೇ ಸೋರುತ್ತಿತ್ತು. ಹೊಲಿಗೆಯವಳಿಗೆ ಕೂತು ಏಳದೆ ಕೆಲಸವಿಲ್ಲ. ಒಂದು ವರ್ಷದಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟಿರಲಿಲ್ಲ, ಅಂಗಡಿ ಮುಚ್ಚುವ ತನಕ ನೀರು ಮುಟ್ಟುತ್ತಿರಲಿಲ್ಲ. ಯಾರಾದರೂ ಮೂಗು ಉಜ್ಜಿಕೊಂಡರೆ ವಾಸನೆ ನನ್ನದೇ ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಎದುರು ಮಿಷನ್ನಿನಲ್ಲಿ ಕೂರುವ ಸೊಸೆಗೆ ಗೊತ್ತಾದರೆ? ಮೂವತ್ತು ವರ್ಷ ಕಟ್ಟಿದ ಅಂಗಡಿಯನ್ನು ಅವಳಿಗೆ ಬಿಟ್ಟು ಮನೆ ಸೇರಬೇಕಾದೀತು.

ಕದ್ದುಮುಚ್ಚಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ ನರ್ಸ್ ಬಳಿ ಕಳಿಸಿದರು. ನರ್ಸ್ ಒಂದು ಮೆತ್ತನೆಯ ಸಿಲಿಕಾನ್ ಉಂಗುರ ತೋರಿಸಿದಳು.

"ಇದನ್ನ ಪೆಸರಿ ಅಂತಾರಮ್ಮ. ಯೋನಿಯೊಳಗೆ ಕೂರಿಸಿದ್ರೆ ಮೂತ್ರನಾಳಕ್ಕೆ ಆಸರೆ ಕೊಡುತ್ತೆ, ಸೋರಲ್ಲ. ಓಡಾಡಿ, ಕೆಮ್ಮಿ, ಕೂತು ಎದ್ದು ನೋಡಿ. ಒಳಗಿದೆ ಅಂತ ಗೊತ್ತೂ ಆಗಬಾರದು, ಜಾರಲೂಬಾರದು."

ಮೂವತ್ತು ವರ್ಷ ಟೇಪು ಹಿಡಿದವಳಿಗೆ ಇವಳೇನು ಅಳತೆ ಹೇಳುವುದು! ಯಾವುದಾದರೂ ಒಂದಿಷ್ಟು ಸಡಿಲವಿದ್ದರೇ ಹಿತ. "ಒಂದು ನಂಬರ್ ಚಿಕ್ಕದು ಕೊಡಿ" ಎಂದೆ. ಹೊರಗಿನ ವರಾಂಡದಲ್ಲಿ ಗಂಡಸರು ಕೂತಿದ್ದರು. ಹಾಕಿಸಿಕೊಂಡ ಮೇಲೆ ಕೆಮ್ಮಲೂ ನಾಚಿಕೆಯಾಗಿ, "ಸರಿಯಾಗಿದೆ, ಸರಿಯಾಗಿದೆ" ಎಂದು ಓಡಿಬಂದೆ. ಗಿರಾಕಿಯ ಕೈ ಎತ್ತಿಸದೆ, ಕೂರಿಸಿ ಏಳಿಸದೆ ಒಂದು ರವಿಕೆಯನ್ನೂ ಕೊಟ್ಟು ಕಳಿಸಿದವಳಲ್ಲ ನಾನು. ಲೋಕಕ್ಕೆಲ್ಲ ಶಕುನ ನುಡಿಯೋ ಹಲ್ಲಿ ತಾನು ಕಲಗಚ್ಚಿನಲ್ಲಿ ಬಿತ್ತಂತೆ.

ಎರಡು ದಿನ ಹನಿ ಸೋರಲಿಲ್ಲ. ಮೂರನೆಯ ದಿನ ಶಾಲೆಯ ಟೀಚರ್ ಲಂಗದ ಟ್ರಯಲ್‌ಗೆ ಬಂದರು. ತುಟಿಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡು ಅವರ ಕಾಲಬಳಿ ಕೂತೆ. ಎರಡನೆಯ ಪಿನ್ನು ಚುಚ್ಚುವಾಗ ಒಳಗೆ ಏನೋ ಜಾರಿತು. ತೊಡೆ ಬಿಗಿಹಿಡಿದೆ. ಎದ್ದರೆ ಉಂಗುರ ನೆಲಕ್ಕೆ, ಕೂತರೆ ನೀರು ನೆಲಕ್ಕೆ.

"ಏನಾಯ್ತು?" ಟೀಚರ್ ಬಗ್ಗಿದರು. ಮಾತಾಡಲು ಬಾಯಿಯ ತುಂಬ ಪಿನ್ನು.

ಸೊಸೆಯ ಮಿಷನ್ ನಿಂತಿತು.

"ಮೇಡಂ, ಪರದೆ ಹಿಂದೆ ಬದಲಾಯಿಸ್ಕೊಳ್ಳಿ, ಅಂಚು ನಾನು ನೋಡ್ಕೋತೀನಿ" ಎಂದು ಟೀಚರನ್ನು ಸಾಗಹಾಕಿದಳು. ನನ್ನ ತುಟಿಯಿಂದ ಪಿನ್ನು ತೆಗೆದಳು. "ಅತ್ತೆ, ಕಾಲು ಹಿಡ್ಕೊಂತಾ?"

"ಕಾಲಲ್ಲ ಕಣೇ..."

ಪಿಸುಗುಟ್ಟಿ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡೆ. ಅವಳು ನೆಲ ನೋಡುತ್ತ, "ಅದನ್ನ ಹಾಕ್ಕೊಂಡ್ರೆ ನಿಜವಾಗ್ಲೂ ನಿಲ್ಲುತ್ತಾ?" ಎಂದಳು.

"ಎರಡು ದಿನ ನಿಂತಿತ್ತು."

"ನಂಗೂ ಆಗುತ್ತೆ ಅತ್ತೆ. ಪಾಪು ಹುಟ್ಟಿದಾಗಿಂದ."

ಪಾಪುವಿಗೆ ಎರಡು ತುಂಬಿದೆ. ನನಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನೀವು ಹೇಳಿದ್ರಾ?"

ಎರಡು ಮಾರು ದೂರದಲ್ಲಿ ಒಂದು ಹುಡುಗಿ ನನ್ನ ಹಾಗೇ ಬಾಯಾರಿ ಕೂತಿದ್ದಳು, ನನಗೇ ಹೆದರಿಕೊಂಡು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವಳು ಹೆಗಲು ಕೊಟ್ಟು ಬಚ್ಚಲಿಗೆ ಕರೆದೊಯ್ದಳು. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಇಬ್ಬರೂ ಆಸ್ಪತ್ರೆಗೆ ಹೋದೆವು. ನರ್ಸ್ ಬೈಯದೆ ದೊಡ್ಡ ಉಂಗುರವನ್ನೇ ಹಾಕಿದಳು. ಈ ಸಲ ವರಾಂಡಕ್ಕೆಲ್ಲ ಕೇಳಿಸುವಂತೆ ಕೆಮ್ಮಿದೆ, ಹತ್ತು ಸಲ ಕೂತೆದ್ದೆ. ಜಾರಲಿಲ್ಲ.

ಹೊರಗೆ ಬಂದರೆ ಸೊಸೆ ಬೆಂಚಿನ ತುದಿಯಲ್ಲಿ ಚೀಲ ಅವುಚಿಕೊಂಡು ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ನೋವಾಗುತ್ತಾ ಅತ್ತೆ?"

"ಇಲ್ಲ. ನಾಚಿಕೆ ಆಗುತ್ತೆ, ಅದೂ ಬಾಗಿಲ ತನಕ ಅಷ್ಟೇ."

ಅದು ಸುಳ್ಳು, ಒಳಗೂ ಆಗುತ್ತದೆ. ಅದಕ್ಕೇ ಅವಳ ಜೊತೆ ನಾನೂ ಒಳಗೆ ಹೋದೆ.