ಹಿಮ್ಮಡಿಯ ಕೆಳಗಿನ ಸಾಸಿವೆ

ನಾನು ಒಂದು ಸಾಸಿವೆ ದಿಂಬು. ಕೂಸಿನ ತಲೆ ದುಂಡಗಾಗಲೆಂದು ಹೊಲಿಯುತ್ತಾರಲ್ಲ, ಆ ಜಾತಿಯದೇ. ಆದರೆ ಯಾವ ಕೂಸೂ ನನ್ನ ಮೇಲೆ ಮಲಗಲಿಲ್ಲ. ನನ್ನನ್ನು ಹೊಲಿದದ್ದು ಹಿಮ್ಮಡಿಗಾಗಿ.

ಹೊಲಿದವರು ನೀಲಾಂಬಿಕಾ, ನರ್ಸಿಂಗ್ ಕಾಲೇಜಿನ ಉಪನ್ಯಾಸಕಿ. ಪಿಎಚ್.ಡಿ. ಮಾಡುತ್ತಿದ್ದರು. ಅಲುಗಾಡದೆ ಮಲಗಿದ ರೋಗಿಯ ಹಿಮ್ಮಡಿಯ ಕೆಳಗೆ ಸಾಸಿವೆ ದಿಂಬಿಟ್ಟರೆ ಹಾಸಿಗೆ ಹುಣ್ಣು ತಪ್ಪುತ್ತದೆಯೇ ಎಂಬುದು ಅವರ ಪ್ರಶ್ನೆ. ಬಿಳಿ ಬಟ್ಟೆಯೊಳಗೆ ಕಾಳು ಸುರಿದು, ಒಂದೂ ಹೊರಬರದಂತೆ ಅಂಚಿಗೆ ಎರಡೆರಡು ಹೊಲಿಗೆ ಹಾಕಿದರು.

ದೊಡ್ಡಾಸ್ಪತ್ರೆಯಲ್ಲಿ ಗಂಡಸರ ವಾರ್ಡು ಎರಡು. ನಡುವೆ ಗೋಡೆ. ಈಚೆಯವರಿಗೆ ದಿಂಬು, ಆಚೆಯವರಿಗೆ ಅಧ್ಯಯನ ಮುಗಿಯುವತನಕ ವಾರ್ಡಿನ ಮಾಮೂಲಿ ಆರೈಕೆ ಮಾತ್ರ. ಎರಡನ್ನೂ ಹೋಲಿಸಿದರೇ ಸಂಶೋಧನೆ. ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಗಡುವು ಹತ್ತಿರವಾಗಿತ್ತು. ಆಯಾಗಳು ನೀಲಾಂಬಿಕಾ ಅವರನ್ನು ದಿಂಬಿನ ಮೇಡಂ ಎನ್ನುತ್ತಿದ್ದರು.

ನಾನೂ ನನ್ನ ಜೋಡಿಯೂ ಈಚೆಯ ವಾರ್ಡಿನ ಮಾಬುಸಾಬನ ಕಾಲಡಿಗೆ ಹೋದೆವು. ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡವನು. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಹೊದಿಕೆಯ ಒಳಮೈ, ದಿನಕ್ಕೊಮ್ಮೆ ನೀಲಾಂಬಿಕಾ ಅವರ ಗಲ್ಲ.

ಆಚೆಯ ವಾರ್ಡಿನಲ್ಲಿ ಬೆನ್ನುಮೂಳೆ ಮುರಿದ ಹಮಾಲ ಫಕೀರೇಶನಿದ್ದ. ಅವನ ಬಲ ಹಿಮ್ಮಡಿ ಕೆಂಪಾಗಿ, ಕಂದತೊಡಗಿತ್ತು. ಅವನ ಹೆಂಡತಿ ಗಂಗವ್ವ ನಲ್ಲಿಯ ಹತ್ತಿರ ಮಾಬುಸಾಬನ ಹೆಂಡತಿ ಖಾಜಾಬಿಗೆ ಸಿಗುತ್ತಿದ್ದಳು.

"ನಮಗೂ ಒಂದು ಕೊಡ್ರಿ ಅಂದ್ರ, ನಿಮ್ಮ ಸರದಿ ಇನ್ನೂ ಬಂದಿಲ್ಲ ಅಂತಾರ ಮೇಡಮ್ಮಾರು," ಎಂದಳು ಗಂಗವ್ವ.

"ಸರದಿ ಬರೂತನಕ ಹಿಮ್ಮಡಿ ಉಳೀಬೇಕಲ್ಲವಾ?" ಎಂದಳು ಖಾಜಾಬಿ. "ನಮ್ಮನಿಯವರಿಗೆ ಎರಡು ಅದಾವು. ಒಂದು ಕಾಲಿಗೆ ದಿಂಬಿನಂಗ ಮಡಚಿದ ಬಿಳಿ ಚಾದರ ಸಾಕು, ಮೇಡಮ್ಮಾರಿಗೂ ಗೊತ್ತಾಗಂಗಿಲ್ಲ. ಅವರೇನು ಓಟಕ್ಕ ನಿಂತಾರೇನು?"

ಅವಳ ಸೆರಗಿನ ಮರೆಯಲ್ಲಿ ನಾನು ಗೋಡೆ ದಾಟಿದೆ. ನೀಲಾಂಬಿಕಾ ಬರುವ ಹೊತ್ತಿಗೆ ಗಂಗವ್ವ ನನ್ನನ್ನು ಬುತ್ತಿ ಚೀಲಕ್ಕೆ ತುರುಕುತ್ತಿದ್ದಳು, ರೊಟ್ಟಿಯ ಕೆಳಗೆ. ಅವರು ಹೋದ ಮೇಲೆ ಮತ್ತೆ ಹಿಮ್ಮಡಿಯ ಕೆಳಗೆ. ಎಲ್ಲಿಯೂ ಗಾಳಿಯಿರಲಿಲ್ಲ.

ಹಿಮ್ಮಡಿಯ ಕೆಂಪು ತಿಳಿಯಾಗತೊಡಗಿತು. ಒಂದು ಬೆಳಿಗ್ಗೆ ನೀಲಾಂಬಿಕಾ ಅದನ್ನು ಬೆರಳಿನಿಂದ ಒತ್ತಿ ನೋಡಿದರು. ಚರ್ಮದ ಮೇಲೆ ಸಣ್ಣ ಸಣ್ಣ ಕುಳಿಗಳಿದ್ದವು. ಕಾಳಿನ ಗುರುತು. ಅವರಿಗೆ ಅದು ಗೊತ್ತಿತ್ತು.

"ಚೀಲ ತೆಗೀರಿ," ಎಂದರು.

ಗಂಗವ್ವ ನನ್ನನ್ನು ತೆಗೆದು ಕೊಟ್ಟಳು. "ನಾನಾ ಬೇಡಿ ಇಸಗೊಂಡಿದ್ನಿರಿ. ಖಾಜಾಬಿ ಅಕ್ಕಗ ಏನೂ ಅನಬ್ಯಾಡ್ರಿ."

ನನ್ನನ್ನು ಹಿಡಿದುಕೊಂಡೇ ನೀಲಾಂಬಿಕಾ ತಮ್ಮ ಮಾರ್ಗದರ್ಶಕರಿಗೆ ಫೋನ್ ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸಿತು.

"ದಿಂಬು ವಾಪಸ್ ತಗೊಂಡು ಮುಂದುವರಿಸಿ, ಯಾರು ನೋಡಿದ್ದಾರೆ? ಇಲ್ಲದಿದ್ದರೆ ಇಬ್ಬರು ರೋಗಿಗಳನ್ನೂ ಲೆಕ್ಕದಿಂದ ಬಿಡಬೇಕಾಗುತ್ತೆ. ಆಮೇಲೆ ಗಡುವಿನೊಳಗೆ ಬೇರೆಯವರು ಸಿಗಲ್ಲ."

ಫೋನ್ ಇಟ್ಟರು. ಅವರ ಹೆಬ್ಬೆರಳು ನನ್ನ ಅಂಚಿನ ಹೊಲಿಗೆಯ ಮೇಲೆ ಓಡಾಡುತ್ತಿತ್ತು. ಆಮೇಲೆ ಬಗ್ಗಿ, ಫಕೀರೇಶನ ಕಾಲೆತ್ತಿ, ನನ್ನನ್ನು ಅದರ ಕೆಳಗೆ ಇಟ್ಟರು. ಗಂಗವ್ವ ಇಡುತ್ತಿದ್ದುದು ಸ್ವಲ್ಪ ಓರೆಯಾಗಿತ್ತು.

"ಹಿಂಗ ಇಡ್ರಿ," ಎಂದರು.

ಅಂದೇ ತಮ್ಮ ಅಧ್ಯಯನದಿಂದ ಇಬ್ಬರ ಹೆಸರನ್ನೂ ತೆಗೆದರು.

ಹಿಮ್ಮಡಿ ವಾಸಿಯಾಯಿತು. ಫಕೀರೇಶ ಉಳಿಯಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಹೋದ.

ಗಂಗವ್ವ ಕಾಲೇಜಿನ ದಾರಿ ಕೇಳಿಕೊಂಡು ಬರುವಷ್ಟರಲ್ಲಿ ಗಡುವು ಮುಗಿದು ನೀಲಾಂಬಿಕಾ ಅವರ ಪಿಎಚ್.ಡಿ. ನೋಂದಣಿ ರದ್ದಾಗಿತ್ತು. ಗಂಗವ್ವ ನನ್ನನ್ನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದು ನಿಂತಳು.

"ಹೋದವರ ಕಾಲಾಗ ಇದ್ದದ್ದು. ಹಂಗ ಕೊಡಬಾರದು ಅಂತ ಒಗದು ತಂದೀನ್ರಿ."

ಸಾಸಿವೆ ದಿಂಬನ್ನು ನೀರಿಗೆ ಹಾಕಬಾರದು. ನೀಲಾಂಬಿಕಾ ಅದನ್ನು ಹೇಳಲಿಲ್ಲ. ನನ್ನನ್ನು ಎರಡೂ ಕೈಯಿಂದ ಇಸಿದುಕೊಂಡರು.

"ಛಲೋ ಮಾಡಿದ್ರಿ. ಚಹಾ ಕುಡದು ಹೋಗ್ರಿ," ಎಂದರು.

ಈಗ ನಾನು ಅವರ ಕಪಾಟಿನಲ್ಲಿದ್ದೇನೆ, ಮುಗಿಯದ ಪ್ರಬಂಧದ ಹಾಳೆಗಳ ಮೇಲೆ. ಒದ್ದೆ ಕಾಳುಗಳು ಕತ್ತಲಲ್ಲೇ ಮೊಳೆತವು. ಕೆಲವು ದಿನ ಬಟ್ಟೆಯನ್ನು ಒಳಗಿನಿಂದ ನೂಕಿದವು. ಹೊಲಿಗೆ ಗಟ್ಟಿಯಾಗಿತ್ತು, ಅವರು ಯಾವ ಕೆಲಸವನ್ನೂ ಹಗುರವಾಗಿ ಮಾಡುವವರಲ್ಲ. ಮೊಳಕೆಗಳು ಬಾಡಿದವು, ಒಣಗಿದವು.

ನನ್ನಿಂದ ಒಂದು ಹಿಮ್ಮಡಿ ವಾಸಿಯಾಗಿದೆ. ನನ್ನ ಕೆಳಗಿರುವ ಹಾಳೆಗಳಲ್ಲಿ ಅದು ಇಲ್ಲ.

ಒಮ್ಮೊಮ್ಮೆ ನೀಲಾಂಬಿಕಾ ಬಾಗಿಲು ತೆಗೆದು ನನ್ನನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ, ರೋಗಿಯನ್ನು ನೋಡುವ ಹಾಗೆ. ಒಳಗೆ ಗಂಟುಗಂಟು. ಬಿಸಾಡುವುದಿಲ್ಲ. ಬಾಗಿಲು ಮುಚ್ಚುತ್ತಾರೆ.