ಮದುವೆ ಎಲೆ ಆರಿಸುವ ಕೈ

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಚನ್ನವೀರಪ್ಪನ ಅಂಗಡಿಯಲ್ಲಿ ಮದುವೆಗೆ ಹೋಗುವ ಎಲೆಯನ್ನೆಲ್ಲ ಆರಿಸುವವಳು ಅಡಿವೆವ್ವ. ಐದು ವರ್ಷದವಳಿದ್ದಾಗ ಸಿಡುಬು ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಬೆರಳು ಮಾತ್ರ ಎಂದೂ ಮೋಸ ಮಾಡಿರಲಿಲ್ಲ. ಕಣ್ಣಿಗೆ ಹಸಿರಾಗಿ ಕಂಡ ಎಲೆ ಒಳಗೊಳಗೇ ಕೊಳೆಯತೊಡಗಿದ್ದರೆ ಅದರ ಮೈ ಬೆರಳಿನಡಿ ಒಂದಿಷ್ಟು ಜಾರುತ್ತದೆ. ಅವಳು ಅದನ್ನು ತಟ್ಟನೆ ಕಿತ್ತು ಎಸೆಯುತ್ತಿದ್ದಳು. ಅಂಥದೊಂದು ಎಲೆ ಉಳಿದರೆ ಸಾಕು, ಮೂರನೆಯ ದಿನಕ್ಕೆ ಬುಟ್ಟಿಗೆ ಬುಟ್ಟಿಯೇ ನಾರುತ್ತದೆ. ಹದಿನಾಲ್ಕು ವರ್ಷದಲ್ಲಿ ಅವಳು ಕಟ್ಟಿದ ಬುಟ್ಟಿ ಒಂದೂ ನಾರಿರಲಿಲ್ಲ.

ಕೂಲಿ ಮಾತ್ರ ಅರ್ಧ! ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡುವ ಚಮನಬಿಗೆ ದಿನಕ್ಕೆ ನಾಲ್ಕು ರೂಪಾಯಿ, ಅಡಿವೆವ್ವನಿಗೆ ಎರಡು. “ಕುರುಡಿಗೆ ಕೆಲಸಾ ಕೊಟ್ಟಿದ್ದ ದೊಡ್ಡದು” ಎಂದು ಚನ್ನವೀರಪ್ಪನ ಅಪ್ಪ ಅಂದು ಹೇಳಿದ ಮಾತು, ಅಪ್ಪ ಸತ್ತರೂ ಸಾಯಲಿಲ್ಲ. ಮನೆಯಲ್ಲಿ ತಮ್ಮನ ಹೆಂಡತಿ ಅವಳ ತಾಟಿಗೆ ಒಂದೇ ರೊಟ್ಟಿ ಹಾಕಿ, “ಪೂರಾ ಕೂಲಿ ತಂದ ದಿವಸಾ ಎರಡು ಹಾಕ್ತೇನಿ” ಅನ್ನುತ್ತಿದ್ದಳು. ಹಸಿವಿನಲ್ಲಿ ಅರ್ಧ ಹಸಿವು ಅಂತ ಇರುತ್ತದೆಯೇ?

ಇನ್ನೊಂದು ಹೊಲಸು ಇತ್ತು, ಅದು ಇನ್ನೂ ನಾರುವಂಥದ್ದು. ಮದುವೆ ಎಲೆ ಎಂದರೆ ಮಂಗಳದ ಎಲೆ. ಕುರುಡಿ ಮುಟ್ಟಿದ್ದು ಅಂತ ಗೊತ್ತಾದರೆ ಬೀಗರು ಒಲ್ಲೆ ಅಂದಾರು. ಹಾಗಾಗಿ ಮದುವೆಯವರು ಅಂಗಡಿಗೆ ಬಂದರೆ ಚನ್ನವೀರಪ್ಪ ಒಳಕೋಣೆಯ ಬಾಗಿಲು ಎಳೆದುಬಿಡುತ್ತಿದ್ದ. ಅವರು ಹೋಗುವತನಕ ಅಡಿವೆವ್ವ ಕೆಮ್ಮುವ ಹಾಗಿರಲಿಲ್ಲ. ಅವಳ ಕೈ ಬೇಕು, ಮುಖ ಬೇಡ.

ಎಂಬತ್ತೊಂದನೆಯ ಇಸವಿ. ಅದು ಅಂಗವಿಕಲರ ವರ್ಷವಂತೆ. ಊರಿನ ವ್ಯಾಪಾರಸ್ಥರೆಲ್ಲ ಸೇರಿ ಶಾಲೆಯ ಮೈದಾನದಲ್ಲಿ ಸಭೆ ಇಟ್ಟರು. ಅಂಗವಿಕಲರಿಗೆ ಕೆಲಸ ಕೊಟ್ಟ ಪುಣ್ಯಾತ್ಮರಿಗೆ ಸನ್ಮಾನ! ಚನ್ನವೀರಪ್ಪ ಒಳಕೋಣೆಗೆ ಬಂದು, ಎಂದೂ ಇಲ್ಲದ್ದು, ಅಡಿವೆವ್ವನ ಎದುರು ಕುಕ್ಕರುಗಾಲಲ್ಲಿ ಕೂತ.

“ಅಡಿವೆವ್ವಾ, ಸ್ಟೇಜಿನ ಮ್ಯಾಲೆ ಒಂದ ಮಾತು ಹೇಳಬೇಕು ನೋಡವಾ. ‘ನನಗ ಎಲ್ಲಾರ ಹಂಗ ಪೂರಾ ಕೂಲಿ ಕೊಡ್ತಾರ’ ಅನ್ನು. ಅಷ್ಟ.”

“ಕೊಡಂಗಿಲ್ಲಲ್ರಿ, ಸಾವ್ಕಾರ್ರ.”

“ಸೋಮವಾರದಿಂದ ಕೊಡ್ತೇನಿ. ನಮ್ಮಪ್ಪನ ಆಣಿ.”

ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಅಡಿವೆವ್ವನಿಗೂ ಅದು ಗೊತ್ತಿತ್ತು. ಆದರೆ ಆ ತುಪ್ಪದ ವಾಸನೆ ನೋಡಿ, ಹದಿನಾಲ್ಕು ವರ್ಷ ಕಾದವಳ ಮೂಗಿಗೆ ಎಷ್ಟು ಘಮ್ಮೆನ್ನುತ್ತದೆ! ಅವಳು ಹೂಂ ಎಂದಳು.

ಸಭೆಯ ದಿನ ಅವನು ಕಲಿಸಿದ್ದನ್ನು ಅವಳು ಹೇಳಿದಳು. ಮಂದಿ ಚಪ್ಪಾಳೆ ತಟ್ಟಿದರು. ಯಾರೋ ಅವಳಿಗೆ ಶಾಲು ಹೊದಿಸಿದರು. ಚಪ್ಪಾಳೆ ಕೇಳಿ ಚನ್ನವೀರಪ್ಪನಿಗೆ ಅಮಲು ನೆತ್ತಿಗೇರಿತು. ಮೈಕು ಹಿಡಿದು, “ಸುತ್ತಾ ನಾಕು ತಾಲೂಕಿಗೆ ನಮ್ಮ ಅಂಗಡಿಯಿಂದ ಹೋಗೋ ಮದಿವಿ ಎಲಿ ಎಲ್ಲಾ ಈ ಕುರುಡಿ ಕೈಯಾಗ ಆರಿಸಿದ್ದರೀ!” ಎಂದು ಒದರಿಬಿಟ್ಟ. ಹದಿನಾಲ್ಕು ವರ್ಷ ಬಾಗಿಲು ಎಳೆದು ಮುಚ್ಚಿಟ್ಟಿದ್ದನ್ನು ಒಂದು ಚಪ್ಪಾಳೆಗೆ ಬಿಚ್ಚಿದ. ಹೊಗಳಿಕೆಯ ಹುಚ್ಚು ಅಂಥದ್ದು.

ಸ್ಟೇಜು ಇಳಿಯುವಾಗ ಅವನೇ ಅವಳ ಮೈಮೇಲಿನ ಶಾಲು ಎಳೆದುಕೊಂಡ. “ತಾ ಇಲ್ಲೆ, ನಿನ್ನ ಹಂತ್ಯಾಕ ಇದ್ರ ಹೊಲಸಾಗತೈತಿ” ಅಂದ. ಮರುದಿನ ಚಮನಬಿ ಅವಳ ಕಿವಿಯಲ್ಲಿ ಹೇಳಿದಳು: “ಅಕ್ಕಾ, ನಿನ್ನ ಶಾಲು ಸಾವ್ಕಾರನ ಹೆಗಲ ಮ್ಯಾಲೆ ಐತಿ. ಹೊದ್ಕೊಂಡು ರೊಕ್ಕದ ಗಲ್ಲೆದ ಮುಂದ ಕುಂತಾನ.”

ಸೋಮವಾರ ಸಂಜೆ ಅಡಿವೆವ್ವನ ಅಂಗೈಗೆ ಎರಡೇ ನೋಟು ಬಿದ್ದವು. ಮುಟ್ಟಿ ನೋಡಿದಳು. ಒಂದೊಂದು ರೂಪಾಯಿಯವು.

“ಸಾವ್ಕಾರ್ರ, ಸೋಮವಾರದಿಂದ ಪೂರಾ ಅಂದಿದ್ರಿ.”

“ಪೂರಾ ಕೊಡ್ತಾರ ಅಂತ ನೀನ ಹೇಳಿದೆಲ್ಲ, ನಾಕು ಮಂದಿ ಸಾಹೇಬ್ರ ಮುಂದ? ಈಗ ಹೆಚ್ಚಿಗಿ ಕೊಟ್ರ ನೀ ಅಂದು ಸುಳ್ಳು ಹೇಳಿದಂಗ ಆಗತೈತಿ. ಹೋಗವಾ, ದೇವರು ಮೆಚ್ಚಂಗಿಲ್ಲ.”

ಥೂ! ಇಂಥ ಮಾತು ಆಡಿ ಆ ನಾಲಿಗೆ ಹೇಗೆ ಹುಳ ಬೀಳದೆ ಉಳಿಯಿತೋ. ಅಡಿವೆವ್ವನಿಗೆ ಅವನ ಮೇಲೆ ಎಷ್ಟು ಹೇಸಿಗೆ ಬಂತೋ, ತನ್ನ ಬಾಯಿಯ ಮೇಲೂ ಅಷ್ಟೇ ಬಂತು. ಮನೆಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದಳು. ಸುಳ್ಳಿನ ಕಹಿ ಹೋಗಲಿಲ್ಲ. ರೊಟ್ಟಿ ಅವತ್ತೂ ಒಂದೇ.

ಎಂಟು ದಿನ ಕಳೆಯಿತು. ತಿಳವಳ್ಳಿಯ ಗುದ್ಲೆಪ್ಪ ಅಂಗಡಿಗೆ ಬಂದ. ದೊಡ್ಡ ಒಕ್ಕಲುತನದ ಮನುಷ್ಯ; ಎರಡನೆಯ ಮಗಳ ಮದುವೆಗೆ ಎಲೆ ಹೇಳಿಟ್ಟು ಹೋಗಿದ್ದ. ಚನ್ನವೀರಪ್ಪ ಎಂದಿನಂತೆ ಬಾಗಿಲು ಎಳೆದ. ಒಳಗೆ ಅಡಿವೆವ್ವ ಗುದ್ಲೆಪ್ಪನ ಎಲೆಯನ್ನೇ ಆರಿಸುತ್ತಿದ್ದಳು.

“ಚನ್ನವೀರಪ್ಪಾ, ಮದಿವಿ ಎಲಿ ಕುರುಡಿ ಕೈಯಾಗ ಆರಸ್ತೀಯಂತ? ಸಭಾದಾಗ ನೀನ ಹೇಳಿದೆಂತ, ನಮ್ಮ ತಮ್ಮಾ ಕೇಳಿ ಬಂದಾನ. ಶುಭಕಾರ್ಯಕ್ಕ ಅಂಥಾ ಎಲಿ ನಮಗ ಬ್ಯಾಡಪಾ.”

“ಏ, ಅದು ಸಭಾಕ್ಕ ಹೇಳೋ ಮಾತ್ರಿ! ಆಕಿ ಎಲಿ ಮುಟ್ಟಾಂಗಿಲ್ಲ. ಕಸಾ ಹೊಡಿತಾಳ. ಭಿಕ್ಷಾ ಬೇಡೋದು ಬ್ಯಾಡ ಅಂತ ಪುಣ್ಯಾಕ್ಕ ಎರಡು ರೂಪಾಯಿ ಒಗಿತೇನಿ.”

ಅಡಿವೆವ್ವನ ಕೈ ಎಲೆಯ ಮೇಲೆ ನಿಂತಿತು. ಕಸ! ಭಿಕ್ಷೆ! ಅರ್ಧ ಕೂಲಿಯನ್ನು ಹೇಗೋ ನುಂಗಿದ್ದಳು. ಹದಿನಾಲ್ಕು ವರ್ಷದ ಕೆಲಸವನ್ನೇ ಇಲ್ಲ ಎನಿಸಿದ್ದು ಗಂಟಲಲ್ಲಿ ಇಳಿಯಲಿಲ್ಲ. ಚಮನಬಿ ಸೆರಗು ಹಿಡಿದು ಜಗ್ಗಿದರೂ ಕೇಳದೆ ಎದ್ದು ಬಾಗಿಲು ನೂಕಿದಳು.

“ತಿಳವಳ್ಳಿ ಸಾವ್ಕಾರ್ರ, ಶರಣ್ರಿ. ನಿಮ್ಮ ಹಿರೀ ಮಗಳು ಆರಾಮ ಅದಾಳ್ರಿ?”

ಗುದ್ಲೆಪ್ಪ ಚನ್ನವೀರಪ್ಪನ ಮುಖ ನೋಡಿದ.

“ಮೂರು ವರ್ಷದ ಹಿಂದ ಆಕೀ ಮದಿವಿಗೆ ಐದು ಸಾವಿರ ಎಲಿ ಒಯ್ದಿದ್ರಿ. ಒಂದೂ ಕೊಳತಿದ್ದಿಲ್ಲ ಅಂತ ನೀವ ಬಂದು ಹೊಗಳಿ ಹೋಗಿದ್ರಿ. ಆ ಐದು ಸಾವಿರಕ್ಕೂ ಈ ಕೈ ಮುಟ್ಟೈತ್ರಿ. ಆಕೀ ಸಂಸಾರಕ್ಕ ಏನರ ಕೆಡುಕು ಆಗೇತೇನ್ರಿ?”

“ಅಯ್ಯ, ಎಲ್ಲಿ ಕೆಡುಕು!” ಒಳಗಿನಿಂದ ಚಮನಬಿ ತಡೆಯಲಾರದೆ ಅಂದಳು. “ಅವಳಿ ಗಂಡಮಕ್ಕಳು ಹುಟ್ಯಾವಂತ ಈ ಅಂಗಡಿಗೇ ಪೇಡೆ ಕೊಟ್ಟಾರಲ್ಲ ಅಕ್ಕಾ!”

ಗುದ್ಲೆಪ್ಪನಿಗೆ ಈಗ ಎಲೆಯ ಚಿಂತೆಗಿಂತ ದೊಡ್ಡ ಚಿಂತೆ ಹತ್ತಿತು. ಬೀಗರಿಗೆ ಗೊತ್ತಾದರೆ? ಹಿರೀ ಮಗಳ ಅತ್ತೆ ಕೇಳಿದರೆ? ದನಿ ತಗ್ಗಿಸಿ ಚನ್ನವೀರಪ್ಪನಿಗೆ ಹೇಳಿದ: “ಆಗಿದ್ದು ಆತು. ಈ ಸುದ್ದಿ ನಮ್ಮ ಬೀಗರ ಕಿವಿಗೆ ಬೀಳಬಾರದು. ಆಕೀಗೆ ಏನರ ಕೊಟ್ಟು ಬಾಯಿ ಮುಚ್ಚಸು.” ಹಾಗೇ ಸೇರಿಸಿದ: “ಎಲಿ ಮಾತ್ರ ಹೋದ ಸಲದಂಥಾವ ಬೇಕು ಮತ್ತ.”

ಹೇಸಿಗೆಗೂ ಒಂದು ಮಿತಿ ಬೇಡವೇ! ಚನ್ನವೀರಪ್ಪ ಗಡಿಬಿಡಿಯಲ್ಲಿ ಗಲ್ಲೆ ತೆಗೆದು ಅಡಿವೆವ್ವನ ಅಂಗೈಗೆ ನಾಲ್ಕು ನೋಟು ತುರುಕಿದ. ಅವಳು ಒಂದೊಂದನ್ನೇ ಮುಟ್ಟಿದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಪೂರಾ ಕೂಲಿ, ಅದೂ ಹೀಗೆ. ಆದರೂ ಹಿಂದಕ್ಕೆ ಕೊಡಲಿಲ್ಲ. ಕೊಟ್ಟರೆ ಅವನಿಗೇ ಲಾಭ.

“ಸಾಕಲ್ಲ? ಇನ್ನ ಬಾಯಿ ಮುಚ್ಕೊಂಡು ಒಳಗ ನಡಿ” ಎಂದ ಚನ್ನವೀರಪ್ಪ.

“ಇದು ಇವತ್ತಿನ ಕೂಲಿ ಸಾವ್ಕಾರ್ರ, ನಾಳಿಂದ ದಿನಾ ಇಷ್ಟ ಬರಬೇಕು” ಎಂದು ಅಡಿವೆವ್ವ ನೋಟು ಸೊಂಟಕ್ಕೆ ಸಿಕ್ಕಿಸಿದಳು. “ಬಾಯಿ ಮುಚ್ಚಾಕ ಬ್ಯಾರೆ ಆಗತೈತಿ. ಅದನ್ನ ಕೊಳ್ಳೋವಷ್ಟು ರೊಕ್ಕಾ ನಿಮ್ಮ ಗಲ್ಲೆದಾಗ ಇಲ್ಲ ಬಿಡ್ರಿ.”