ಕರಿಗಾಲು, ಹಳದಿಗಾಲು

ತಂಗಿ ಬಂದವಳೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಚಹಾ ಬೇಡವೆಂದಳು. ನನ್ನ ತಂಗಿ ಚಹಾ ಬೇಡವೆಂದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ.

"ಅಕ್ಕಾ, ಇವರು ಭಾನುವಾರ ಹಕ್ಕಿ ನೋಡೋಕೆ ಅಂತ ಹೋಗ್ತಾರಲ್ಲ, ನಂಗ್ಯಾಕೋ ನಂಬಿಕೆ ಬರ್ತಿಲ್ಲ. ಏನ್ ನೋಡಿದ್ರಿ ಅಂದ್ರೆ ತಡವರಿಸ್ತಾರೆ. ಭಾವನ ಜೊತೆಗೇ ಇದ್ರಾ ಅಂದ್ರೆ ತಲೆ ತಗ್ಗಿಸ್ತಾರೆ. ಬೇರೆ ಯಾರೋ ಇದಾಳೆ ಅನ್ಸುತ್ತೆ."

"ಯಾರಿಗೆ, ಆ ರಸ್ಕಿಗಾ?" ಎಂದು ನಕ್ಕೆ. ಅವಳ ಗಂಡ ಬೇಕರಿ ಇಟ್ಟಿದ್ದಾನೆ. ಆಳು ಒಣಕಲು, ಮಾತೂ ಒಣಕಲು. ಹಾಗಾಗಿ ಮನೆಮಂದಿಯೆಲ್ಲ ಅವನನ್ನು ಕರೆಯುವುದೇ ರಸ್ಕು ಎಂದು.

ತಂಗಿ ನಗಲಿಲ್ಲ. "ಸುಳ್ಳು ಅಂತ ಗೊತ್ತಾದ್ರೆ ನಾನು ಆ ಮನೇಲಿ ಇರಲ್ಲ, ಹೇಳಿದೀನಿ," ಎಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ನನ್ನ ನಗುವೂ ನಿಂತುಹೋಯಿತು.

ಸುಳ್ಳು ಹಿಡಿಯುವುದೇ ನನ್ನ ಹೊಟ್ಟೆಪಾಡು. ವಿಮೆ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಮಾಡುತ್ತೇನೆ. ಕಳುವಾಯಿತೆಂದು ಬರೆದುಕೊಟ್ಟ ಬೈಕು ಮಾವನ ಮನೆಯ ಹಿತ್ತಲಲ್ಲಿ ಟಾರ್ಪಾಲು ಹೊದ್ದು ನಿಂತಿದ್ದನ್ನು ಹುಡುಕಿ ತೆಗೆದವಳು ನಾನು. ಬದನೆಕಾಯಿಯನ್ನೂ ವಿಚಾರಣೆ ಮಾಡದೆ ಚೀಲಕ್ಕೆ ಹಾಕುವುದಿಲ್ಲ ಎಂದು ನಮ್ಮವರು ರೇಗಿಸುತ್ತಾರೆ. ಅವರದು ಔಷಧಿ ಅಂಗಡಿ, ಮೃದು ಮಾತು, ಯಾರಿಗೂ ಇಲ್ಲ ಎನ್ನದ ಸ್ವಭಾವ.

ಈ ಹಕ್ಕಿಯ ಹುಚ್ಚು ಮನೆಗೆ ತಂದವಳೂ ನಾನೇ. ಊರಾಚೆಯ ಅಳಿವೆಯ ಕೆಸರಿಗೆ ಪ್ರತಿ ಚಳಿಗಾಲ ಸಣ್ಣ ಸಣ್ಣ ಗೊರವ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಈ ಸಲ ಚಳಿಗಾಲದ ಶುರುವಿನಲ್ಲೇ ಆಫೀಸಿನ ಮೆಟ್ಟಿಲಲ್ಲಿ ಜಾರಿ ಕಾಲಿನ ಮೂಳೆ ಮುರಿದುಕೊಂಡೆ. ಹಾಗಾಗಿ ನನ್ನ ದುರ್ಬೀನನ್ನು ಷಡ್ಡಕರಿಬ್ಬರ ಕೈಗೆ ಕೊಟ್ಟು, ನೋಡಿ ಬಂದು ಹೇಳಿ ಎಂದಿದ್ದೆ. ಇಬ್ಬರೂ ನಮ್ಮ ಕಾರಿನಲ್ಲಿ ಹೋಗಿ ಊಟದ ಹೊತ್ತಿಗೆ ಬರುತ್ತಿದ್ದರು. ನಾನು ಊಟದ ಮೇಜಿನಲ್ಲೇ ಪರೀಕ್ಷೆ ನಡೆಸುತ್ತಿದ್ದೆ.

ಪರೀಕ್ಷೆಗೆ ಒಳ್ಳೆಯ ಪ್ರಶ್ನೆಯೆಂದರೆ ಎರಡು ಗೊರವಗಳದ್ದು. ಎರಡೂ ಗುಬ್ಬಿಯಷ್ಟೇ ಗಾತ್ರ, ಎರಡೂ ಬೂದಿ ಬಣ್ಣ. ಒಂದರ ಕಾಲು ಕಪ್ಪು. ಅದು ಬಯಲಲ್ಲಿ ಓಡಾಡುತ್ತ ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೆಸರು ಕುಟ್ಟುತ್ತದೆ. ಇನ್ನೊಂದರ ಕಾಲು ಹಳದಿ. ಅದು ಹುಲ್ಲಿನ ಅಂಚಿನಲ್ಲಿ ಬಗ್ಗಿಕೊಂಡು ಮೆಲ್ಲಗೆ ತೆವಳಿದಂತೆ ನಡೆಯುತ್ತದೆ, ಎದ್ದು ಹಾರಿದರೆ ಬಾಲದ ಎರಡೂ ಅಂಚು ಬೆಳ್ಳಗೆ ಹೊಳೆಯುತ್ತವೆ. ಕರಿಗಾಲಿನದಕ್ಕೆ ಆ ಬಿಳುಪಿಲ್ಲ.

ಆ ಭಾನುವಾರ ತಂಗಿಯನ್ನೂ ಮೇಜಿಗೆ ಕೂರಿಸಿಕೊಂಡು ಕೇಳಿದೆ.

"ಕರಿಗಾಲು ಬಯಲಲ್ಲಿತ್ತು, ಹಳದಿಗಾಲು ಹುಲ್ಲಿನ ಪಕ್ಕ," ಎಂದರು ನಮ್ಮವರು. "ಕಾಲಿನ ಬಣ್ಣ ಅಷ್ಟು ದೂರದಿಂದ್ಲೇ ಸ್ಪಷ್ಟವಾಗಿ ಕಾಣ್ತಿತ್ತು. ಹಾರಿದಾಗ ಬಾಲದ ಬಿಳುಪೂ ನೋಡಿದ್ವಿ." ನೂರಕ್ಕೆ ನೂರು. ನನಗೆ ಹೆಮ್ಮೆಯಾಯಿತು.

"ನೀನೇನು ನೋಡಿದ್ಯಪ್ಪಾ?" ಎಂದು ರಸ್ಕಿನತ್ತ ತಿರುಗಿದೆ.

"ಹುಲ್ಲಿನ ಹತ್ರ ಒಂದಿತ್ತು ಅಕ್ಕಾ. ಕಾಲು ಕಪ್ಪಿತ್ತು. ಆದ್ರೆ ಹಾರಿದಾಗ ಬಾಲದ ಅಂಚು ಬೆಳ್ಳಗೆ..." ಎಂದು ನಿಲ್ಲಿಸಿದ.

ಕರಿಗಾಲು, ಬಿಳಿ ಬಾಲ! ಅಂಥ ಗೊರವವನ್ನು ಬ್ರಹ್ಮನೂ ಸೃಷ್ಟಿಸಿಲ್ಲ. "ಇಬ್ರೂ ಒಟ್ಟಿಗೇ ನೋಡಿದ್ರಾ?" ಎಂದೆ. ರಸ್ಕು ನೀರಿನ ಲೋಟ ಉರುಳಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. "ಒಟ್ಟಿಗೇ ಕಣೇ," ಎಂದು ನಮ್ಮವರು ಬಟ್ಟೆ ತಂದು ಮೇಜು ಒರೆಸಿದರು. ತಂಗಿ ನನ್ನ ಮುಖ ನೋಡಿದಳು. ಅವನು ಅಳಿವೆಗೇ ಹೋಗುತ್ತಿಲ್ಲ, ಇವರು ಕನಿಕರದಿಂದ ಅವನ ಬೆನ್ನಿಗೆ ನಿಂತಿದ್ದಾರೆ ಎಂದು ಅಲ್ಲೇ ತೀರ್ಮಾನಿಸಿದೆ. ಇವರ ಒಳ್ಳೆಯತನದ ಮೇಲೂ ಸಿಟ್ಟು ಬಂತು.

ಮುಂದಿನ ಭಾನುವಾರ ಅವರ ಕಾರು ಹೊರಟ ಮೇಲೆ ಕೋಲು ಹಿಡಿದು ಬಸ್ಸು ಹತ್ತಿದೆ. ಕಣ್ಣಾರೆ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಬಟ್ಟೆಬರೆ ಕಟ್ಟಬೇಡ ಎಂದು ತಂಗಿಗೆ ಫೋನಿನಲ್ಲಿ ಹೇಳಿದ್ದೆ.

ಅಳಿವೆಯ ಒಡ್ಡಿನ ಕೆಳಗೆ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ನನ್ನ ದುರ್ಬೀನು ಕಣ್ಣಿಗಿಟ್ಟುಕೊಂಡು ರಸ್ಕು ಒಬ್ಬನೇ ಕೂತಿದ್ದ. ಯಾರು ಅಲ್ಲಿ ಇರುವುದಿಲ್ಲ ಎಂದುಕೊಂಡು ಬಂದಿದ್ದೆನೋ ಅವನೇ ಇದ್ದ. ನನ್ನನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು.

"ಭಾವ ಎಲ್ಲಿ?"

"ಆ ಕಡೆ ಎಲ್ಲೋ..." ಎಂದು ಕೈ ತೋರಿಸಿದ. ಆ ಕಡೆ ಇದ್ದದ್ದು ಬಟಾಬಯಲು. ಒಂದು ನಾಯಿ ಅಡಗಿಕೊಳ್ಳಲೂ ಮರೆಯಿರಲಿಲ್ಲ. ಅಷ್ಟರಲ್ಲಿ ಅವನೇ, "ಶ್! ಅದೇ ಅಕ್ಕಾ, ಆವತ್ತು ಹೇಳಿದ್ನಲ್ಲ, ಅದೇ," ಎಂದು ದುರ್ಬೀನು ನನ್ನ ಕೈಗಿಟ್ಟ.

ಹುಲ್ಲಿನ ಅಂಚಿನಲ್ಲಿ ಒಂದು ಗೊರವ ಬಗ್ಗಿಕೊಂಡು ತೆವಳುತ್ತಿತ್ತು. ಕಾಲು ಕಪ್ಪು, ಸಂದೇಹವೇ ಇಲ್ಲ. ಎದ್ದು ಹಾರಿತು, ಬಾಲದ ಅಂಚು ಬೆಳ್ಳಗೆ ಹೊಳೆಯಿತು. ಸ್ವಲ್ಪ ಆಚೆ ನೀರಿನ ಕಾಲುವೆಯಲ್ಲಿ ಇಳಿದು, ನೀರು ದಾಟಿ ಮೇಲೆ ಬಂತು. ಈಗ ಕಾಲು ಹಳದಿ.

"ಎಲ್ಲಾ ಈ ಕೆಸರಿನ ಕಿತಾಪತಿ," ಎಂದೆ. ಅಳಿವೆಯ ಕೆಸರು ನನಗೆ ಗೊತ್ತಿದ್ದದ್ದು ಕಂದು ಬಣ್ಣದ್ದು. ಇದು ಡಾಂಬರಿನಂತಿತ್ತು.

"ಹೂಳೆತ್ತೋ ಯಂತ್ರ ತಂದು ಸುರಿದದ್ದಲ್ವಾ ಅಕ್ಕಾ? ನಿಮ್ಮ ಕಾಲು ಮುರಿದ ಮೇಲೆ ಇಲ್ಲಿ ಎಲ್ಲಾ ಹಕ್ಕಿಗೂ ಕರಿಗಾಲೇ. ಭಾವ ಹೇಳಿಲ್ವಾ?" ಎಂದವನು ತುಟಿ ಕಚ್ಚಿಕೊಂಡ.

ಭಾವ ಹೇಳಿರಲಿಲ್ಲ. ಭಾವ ಕಂಡದ್ದು ನನ್ನ ಮಂಚದ ಪಕ್ಕದ ಪುಸ್ತಕದ ಹಕ್ಕಿಯನ್ನು. ಅದಕ್ಕೆ ಕೆಸರು ಮೆತ್ತುವುದಿಲ್ಲ. ನಿಜವಾಗಿ ಅಪಘಾತವಾದವರು ತಡವರಿಸುತ್ತಾರೆ, ಒಂದಕ್ಕೊಂದು ಹೊಂದದ ಮಾತಾಡುತ್ತಾರೆ. ಎಲ್ಲವೂ ನಯವಾಗಿ ಹೊಂದಿದ ಕ್ಲೇಮನ್ನು ಎರಡು ಸಲ ನೋಡು ಎಂದು ಆಫೀಸಿಗೆ ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳುವವಳು ನಾನು. ನನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿತ್ತು, ನಾನು ಪಕ್ಕದ ತಟ್ಟೆಯ ನೊಣ ಹುಡುಕುತ್ತಿದ್ದೆ.

"ನಿಜ ಹೇಳು," ಎಂದೆ.

"ನನ್ನನ್ನ ಇಲ್ಲಿಳಿಸಿ ಹೋಗ್ತಾರೆ, ಆಮೇಲೆ ಬಂದು ಕರ್ಕೊಂಡು ಹೋಗ್ತಾರೆ. ಎಲ್ಲಿಗೆ ಅಂತ ಗೊತ್ತಿಲ್ಲ, ಆಣೆ ಮಾಡ್ತೀನಿ. ಒಟ್ಟಿಗಿದ್ವಿ ಅಂತ ಹೇಳು ಅಂದ್ರು. ದೊಡ್ಡವರು, ಹೇಗೆ ಆಗಲ್ಲ ಅನ್ನೋದು? ಮನೇಲಿ ಅವಳ ಮುಖ ನೋಡಿ ಸುಳ್ಳು ಹೇಳೋಕೆ ನಂಗೆ ಬರಲ್ಲ ಅಕ್ಕಾ." ಅವನ ಕಣ್ಣು ತುಂಬಿತ್ತು.

ಒಡ್ಡಿನ ಕಲ್ಲಿನ ಮೇಲೆ ಕೂತು ನಮ್ಮವರಿಗೆ ಫೋನು ಮಾಡಿದೆ. ಯಾವುದೋ ಚಹಾದ ಅಂಗಡಿಯಲ್ಲಿದ್ದೇನೆ ಎಂದುಬಿಡಲಿ, ನಂಬಿಬಿಡುತ್ತೇನೆ ಎಂದು ಮನಸ್ಸು ಬೇಡುತ್ತಿತ್ತು.

"ಏನು ಕಾಣ್ತಿದೇರಿ?" ಎಂದೆ.

"ಇಲ್ಲೇ ಎದುರಿಗಿದೆ ಕಣೇ, ಹಳದಿಗಾಲು. ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ! ನೀನಿರಬೇಕಿತ್ತು."

"ರಸ್ಕು?"

"ಪಕ್ಕದಲ್ಲೇ ಕೂತಿದಾನೆ. ದುರ್ಬೀನು ಬಿಡ್ತಾನೇ ಇಲ್ಲ," ಎಂದು ನಕ್ಕರು. ಅದೇ ಮೃದು ದನಿ. ಒಂದಿಷ್ಟೂ ತಡವರಿಕೆಯಿಲ್ಲ. ನನ್ನ ಪಕ್ಕದಲ್ಲಿದ್ದ ರಸ್ಕು ಮುಖ ಆ ಕಡೆ ತಿರುಗಿಸಿಕೊಂಡ.

ಫೋನು ಇಟ್ಟೆನೋ ಇಲ್ಲವೋ, ತಂಗಿಯದು ಬಂತು. "ಹೇಳಿಬಿಡು ಅಕ್ಕಾ. ನಾನು ಅಂದ್ಕೊಂಡಿದ್ದು ನಿಜಾನಾ?"

"ನಿಜ ಕಣೇ," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. "ನಿಜಾನೇ. ಆದ್ರೆ ನಿನ್ನ ಮನೇಲಲ್ಲ."